ದುರ್ಗಕ್ಕನ ರಂಗೂನ್ ಮೀನು

ದುರ್ಗಕ್ಕನ ಜೊತೆ ಮಾತಾಡಬೇಕೆಂದರೆ ಆಕೆಯ ಹಿಂದೆ ನಡೆಯಬೇಕಾಗಿತ್ತು. ಅಡುಗೆಮನೆಯಲ್ಲಿ ಶುರುವಾದ ಮಾತು ಬಾವಿಕಟ್ಟೆಗೆ ಹೋಗಿ, ಹಿತ್ತಿಲು ಸುತ್ತಿ, ಜಗಲಿಗೆ ಬಂದು ಮುಗಿಯುತ್ತಿತ್ತು. ಐವತ್ತು ದಾಟಿದ ಹೆಂಗಸು, ಒಣಕಲು ಮೈ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಮೇಲೆ ಆಕೆಯನ್ನು ಹಿಡಿಯುವವರಿಲ್ಲ. ನಾನು ಏದುಸಿರು ಬಿಡುತ್ತ ನಿಂತರೆ ತಿರುಗಿ ನೋಡದೆಯೇ ಕೇಳುತ್ತಿದ್ದಳು: "ಎಂತಾ ಮಾಸ್ತರೇ, ನಾಕು ಹೆಜ್ಜೆ ನಡೆದ್ರೆ ಕಾಲು ಸವೀತದಾ?"

ನಾನು ಧಾರವಾಡದಿಂದ ಕುಮಟೆಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದವನು. ಬಿ.ಎಸ್ಸಿ. ಪಾಸಾದ ಸೊಕ್ಕು ಇನ್ನೂ ಇಳಿದಿರಲಿಲ್ಲ. ದುರ್ಗಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ, ಊಟವೂ ಅಲ್ಲಿಯೇ. ಗಂಡ ತೀರಿಕೊಂಡ ಮೇಲೆ ಆಕೆ ಮಿಡಿ ಉಪ್ಪಿನಕಾಯಿ ಹಾಕಿ ಮಾರಿ ಮಗನನ್ನು ಓದಿಸಿದ್ದಳು. ಹೊನ್ನಾವರದಿಂದ, ಭಟ್ಕಳದಿಂದಲೂ ಜನ ಕೇಳಿಕೊಂಡು ಬರುತ್ತಿದ್ದರು. ಆಕೆಯ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: ಭರಣಿಯೊಳಗೆ ಗಾಳಿ ಸುಳಿಯಬಾರದು. ಕಂಠದ ತನಕ ತುಂಬು, ಬಟ್ಟೆ ಬಿಗಿ, ದಾರ ಸುತ್ತು. "ಗಾಳಿ ಅಂದ್ರೆ ಕಳ್ಳ ಮಾಸ್ತರೇ. ಒಂದು ಬೆರಳು ಸಂದಿ ಸಿಕ್ರೆ ಸಾಕು, ವರ್ಷದ ದುಡಿಮೆ ಬೂಸ್ಟು ಹಿಡೀತದೆ" ಎನ್ನುತ್ತಿದ್ದಳು.

ಮಗ ಮಂಜುನಾಥ ರಂಗೂನಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಯುದ್ಧ ಇನ್ನೂ ಆ ಕಡೆಗೆ ಹಬ್ಬಿರಲಿಲ್ಲ. ಆ ಬೇಸಿಗೆಯಲ್ಲಿ ರಜೆ ಹಾಕಿ ಬಂದವನು ಬಾಟಲಿಯೊಂದರಲ್ಲಿ ಬೆರಳುದ್ದದ ಮೀನೊಂದನ್ನು ತಂದಿದ್ದ. ಕಡುನೀಲಿ ಮೈ, ಕೆಂಪು ರೇಷ್ಮೆಯ ಚೂರಿನಂಥ ಬಾಲ. ಸಯಾಮಿನ ಕಾಳಗದ ಮೀನಂತೆ, ಎರಡನ್ನು ಒಟ್ಟಿಗಿಟ್ಟರೆ ಕಚ್ಚಾಡಿ ಸಾಯುತ್ತವಂತೆ. ದಿನಾ ಮೀನು ಸಾರು ಉಣ್ಣುವ ಊರಿನಲ್ಲಿ ಮೀನು ಸಾಕುವುದೆಂದರೆ ಜನ ನಗದೆ ಇರುತ್ತಾರೆಯೇ? ಮೀನು ಮಾರುವ ಸೋಮಿ ಬುಟ್ಟಿ ಇಳಿಸಿದವಳೇ ಬಗ್ಗಿ ನೋಡಿ, "ಇದ್ಕೆ ಮಸಾಲೆ ಯಾವಾಗ ಅರೆಯೂದು ದುರ್ಗಕ್ಕ?" ಎಂದಳು. ಮಂಜು ಹೊರಡುವ ದಿನ, "ಅಮ್ಮ, ನಾ ತಿರುಗಿ ಬರೂವರೆಗೆ ಇದ್ನ ಚಂದ ಮಾಡಿ ನೋಡ್ಕೋ. ಸೊಳ್ಳೆ ಮರಿ ಹಾಕು, ಸಾಕು" ಎಂದು ಹೇಳಿ ಹೋದ. ಚಂದ ಮಾಡಿ ನೋಡಿಕೊಳ್ಳುವುದು ಹೇಗೆಂದು ದುರ್ಗಕ್ಕನಿಗೆ ಗೊತ್ತಿದ್ದದ್ದು ಒಂದೇ ರೀತಿ. ಗಾಜಿನ ಭರಣಿ ತೊಳೆದು, ಮೀನನ್ನು ಬಿಟ್ಟು, ಕಂಠದ ತನಕ ನೀರು ತುಂಬಿ, ಬಟ್ಟೆ ಬಿಗಿದು ದಾರ ಸುತ್ತಿದಳು.

ಮರುದಿನ ಬೆಳಿಗ್ಗೆ ಆಕೆಯ ಕೂಗು ಕೇಳಿ ಓಡಿದೆ. ಮೀನು ಮೂತಿಯನ್ನು ಬಟ್ಟೆಗೆ ಒತ್ತಿಕೊಂಡು ಬಾಯಿ ಕಳೆಯುತ್ತಿತ್ತು. ಬಣ್ಣ ಮಾಸಿತ್ತು. ಬಟ್ಟೆ ಬಿಚ್ಚಿದೆವು. ನಾನು ಪಾಠ ಶುರುಮಾಡಿಯೇಬಿಟ್ಟೆ: ನೀರಿನಲ್ಲಿ ಗಾಳಿ ಕರಗಿರುತ್ತದೆ, ಮೀನು ಅದನ್ನೇ ಉಸಿರಾಡುತ್ತದೆ, ಈ ಭರಣಿಯ ನೀರಿನಲ್ಲಿ ಅದು ಸಾಲುತ್ತಿಲ್ಲ, ಆದ್ದರಿಂದ ಮೀನು ಮೇಲೆ ಬಂದು ಒದ್ದಾಡುತ್ತಿದೆ. ನಾವು ಗಾಳಿ ಹಾಕಬೇಕು. ಹೋಗಿ ಸೈಕಲ್ ಪಂಪು ತಂದೆ, ಅದರ ಬಾಯಿಗೆ ತೆಳ್ಳಗಿನ ರಬ್ಬರ್ ನಳಿಗೆ ಸಿಕ್ಕಿಸಿ ನೀರಿಗಿಳಿಸಿ ಒತ್ತಿದೆ. ಗುಳುಗುಳು ಗುಳ್ಳೆ ಎದ್ದವು. ದುರ್ಗಕ್ಕ ಕೈ ಜೋಡಿಸಿ ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದರೆ ಸಾಕು, ಆಕೆ ಮಾಡುತ್ತಿದ್ದ ಕೆಲಸ ಎಸೆದು ಓಡಿ ಬಂದು ಪಂಪು ಒತ್ತುವಳು. ದೋಸೆ ಕಾವಲಿಯಲ್ಲೇ ಕರಕಲಾಗುತ್ತಿತ್ತು. "ಸಾಲೂದಿಲ್ಲ ಮಾಸ್ತರೇ, ಅದ್ಕೆ ಉಸಿರು ಸಾಲೂದಿಲ್ಲ! ನೀವೂ ಸ್ವಲ್ಪ ಒತ್ತಿ!" ನಾನೂ ಒತ್ತುತ್ತಿದ್ದೆ. ಒತ್ತಿದಷ್ಟೂ ಮೀನು ನೀರಿನ ಸುಳಿಯಲ್ಲಿ ಗಿರಗಿರ ತಿರುಗುತ್ತಿತ್ತು, ರೇಷ್ಮೆಯಂಥ ಬಾಲ ಹರಿದು ಎಳೆ ಎಳೆಯಾಯಿತು, ಆದರೆ ಮೇಲೆ ಬರುವುದನ್ನು ಬಿಡಲಿಲ್ಲ. ಇನ್ನೂ ಜೋರಾಗಿ ಒತ್ತಬೇಕೆಂದು ನಾನು ತೀರ್ಪು ಕೊಟ್ಟೆ. ಎಂಥ ಪಂಡಿತ!

ಕೊನೆಗೆ ಬಿಡಿಸಿದವಳು ಸೋಮಿ. ಬಂಗಡೆ ಮಾರಲು ಬಂದವಳು ಇಬ್ಬರೂ ಬೆವರು ಸುರಿಸುತ್ತ ಪಂಪು ಒತ್ತುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನಿಮ್ಮ! ಅದು ಉಸಿರು ಕಟ್ಟಿ ಮೇಲೆ ಬರೂದಲ್ಲ, ಉಸಿರಾಡೂಕೇ ಮೇಲೆ ಬರೂದು. ನಮ್ಮ ಗದ್ದೆ ಹೊಂಡದಲ್ಲಿ ಹಂಗಿದ್ದ ಮೀನಿಲ್ವಾ? ಕೆಸರು ನೀರಲ್ಲೂ ಬದುಕ್ತದೆ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡೀತದೆ. ನೀರೊಳಗೆ ಗಾಳಿ ಹಾಕೂದು ಬೇಡ. ನೀರ ಮೇಲೆ ಜಾಗ ಬಿಟ್ಟು ಸುಮ್ನೆ ಕೂತ್ಕಳಿ."

ದುರ್ಗಕ್ಕ ನನ್ನ ಮುಖ ನೋಡಿದಳು. ನಾನು ಪಂಪಿನ ಮುಖ ನೋಡಿದೆ. ಆಕೆ ಭರಣಿಯಿಂದ ನಾಲ್ಕು ಬೆರಳು ನೀರು ಚೆಲ್ಲಿದಳು. ವಾರದೊಳಗೆ ಮೀನು ಗೆಲುವಾಯಿತು, ಬಾಲ ಮತ್ತೆ ಚಿಗುರಿತು. ತಿಂಗಳುಗಟ್ಟಲೆ ನನಗೆ ಊಟ ಬಡಿಸುವಾಗಲೆಲ್ಲ, "ಮಾಸ್ತರ್ರಿಗೆ ಗಾಳಿ ಸಾಕಾ, ಇನ್ನೂ ಹಾಕ್ಬೇಕಾ?" ಎಂದು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳಿಗಾಲದಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಶಾಲೆಗೆ ಬರುವ ಪತ್ರಿಕೆಯಲ್ಲಿ ಓದಿ ನಾನೇ ಬಂದು ಹೇಳಬೇಕಾಯಿತು. ಅಂದಿನಿಂದ ಆಕೆಯ ಓಡಾಟಕ್ಕೆ ಕೆಲಸದ ನೆವವೂ ಬೇಕಾಗಲಿಲ್ಲ. ಟಪಾಲು ದಿನಕ್ಕೊಮ್ಮೆ ಬಂದರೆ ಆಕೆ ಮೂರು ಸಲ ಪೋಸ್ಟ್ ಆಫೀಸಿಗೆ ಹೋಗುತ್ತಿದ್ದಳು. ಮಂಜುವಿನ ಕಾಗದ ಬರಲಿಲ್ಲ. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಭರಣಿಯ ಹತ್ತಿರ ಹೋಗಿ ನಿಲ್ಲುವಳು. ಮೀನು ಮೇಲೆ ಬಂದು ಗುಟುಕು ಗಾಳಿ ಕುಡಿದರೆ, "ಆತು" ಎಂದು ಮೆಲ್ಲಗೆ ಹೇಳಿ ಒಲೆ ಹಚ್ಚುವಳು. ಆ ಮೀನು ಇರುವ ತನಕ ಮಗನೂ ಇದ್ದಾನೆ ಎಂದು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಇಡೀ ಕೇರಿಗೆ ಗೊತ್ತಿತ್ತು. ಸೋಮಿಯೂ ಮಸಾಲೆಯ ತಮಾಷೆ ನಿಲ್ಲಿಸಿದಳು.

ಮರುವರ್ಷ ಮೃಗಶಿರಾ ಮಳೆ ಹುಟ್ಟಿದ ವಾರ ಯಾರೋ ಬಂದು, ಬರ್ಮಾದಿಂದ ಕಾಡು ದಾರಿಯಲ್ಲಿ ನಡೆದು ಬಂದವರ ಹೆಸರಿನ ಪಟ್ಟಿ ಕಾರವಾರದ ಕಚೇರಿಗೆ ಬಂದಿದೆಯೆಂದರು. ಆಕೆ ಆಗಲೇ ಗಂಟು ಕಟ್ಟಿದಳು. "ಮಳೆ ಜೋರಾಗೂ ಮೊದ್ಲು ಹೋಗಿ ಬತ್ತೆ. ಮೀನು ನಿಮ್ಮ ಕೈಲದೆ ಮಾಸ್ತರೇ" ಎಂದು ಎರಡೆರಡು ಸಲ ಹೇಳಿ ಹೊರಟಳು.

ಬೆಕ್ಕೊಂದು ಜಗಲಿಯಲ್ಲಿ ಸುಳಿದಾಡುತ್ತಿತ್ತು. ಭರಣಿಯನ್ನು ನನ್ನ ಕೋಣೆಯ ಮೇಜಿನ ಮೇಲಿಟ್ಟೆ. ನೀರ ಮೇಲೆ ನಾಲ್ಕು ಬೆರಳು ಜಾಗ ಇದೆಯೆಂದು ನೋಡಿಯೇ ಬಾಯಿಗೆ ತೆಳು ಬಟ್ಟೆ ಕಟ್ಟಿ ಶಾಲೆಗೆ ಹೋದೆ. ಮೇಜಿನ ಮೇಲ್ಗಡೆ ಹೆಂಚೊಂದು ಸರಿದಿತ್ತು. ಅದು ನನಗೆ ಗೊತ್ತಿತ್ತು. ಭಾನುವಾರ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಹಗಲಿಡೀ ಮಳೆ ಹೊಡೆಯಿತು. ಸಂಜೆ ಬಂದು ನೋಡಿದರೆ ಸೋರಿದ ನೀರು ಬಟ್ಟೆಯಿಂದ ಇಳಿದಿಳಿದು ಭರಣಿ ಬಾಯಿಯ ತನಕ ತುಂಬಿತ್ತು. ಮೀನು ಒದ್ದೆ ಬಟ್ಟೆಗೆ ಅಂಟಿಕೊಂಡಿತ್ತು. ನೀರಿನಲ್ಲಿ ಹುಟ್ಟಿದ ಮೀನು ನೀರಿನಲ್ಲಿ ಮುಳುಗಿ ಸತ್ತಿತ್ತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ.

ಎರಡು ದಿನ ಸುಳ್ಳು ಹೆಣೆದೆ. ಬೆಕ್ಕು ತಿಂದಿತು ಎನ್ನಲೇ? ವಯಸ್ಸಾಗಿ ಸತ್ತಿತು ಎನ್ನಲೇ? ಮೂರನೆಯ ದಿನ ದುರ್ಗಕ್ಕ ಮಿರ್ಜಾನದ ಹೊಳೆಯನ್ನು ತಾರಿ ದೋಣಿಯಲ್ಲಿ ದಾಟಿ, ಮೊಳಕಾಲ ತನಕ ಕೆಸರು ಮೆತ್ತಿಕೊಂಡು ಅಂಗಳದಲ್ಲಿ ನಿಂತಳು. ಮುಖ ನೋಡಿದರೇ ತಿಳಿಯುತ್ತಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಸುಳ್ಳು ಬಾಯಿಗೆ ಬರಲಿಲ್ಲ. "ಅಕ್ಕಾ, ಮೀನು ಸತ್ತಿತು. ನನ್ನ ತಪ್ಪು" ಎಂದೆ. ಹೆಂಚಿನ ಸಂಗತಿಯನ್ನೂ ಬಿಡದೆ ಹೇಳಿದೆ.

ಆಕೆ ಕಾಲು ತೊಳೆಯದೆಯೇ ಒಳಗೆ ಬಂದು ಖಾಲಿ ಭರಣಿ ನೋಡಿದಳು. ಹಿತ್ತಿಲ ತನಕ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಕಡೆಗೆ ನನ್ನ ಎದುರು ನಿಂತು ಗದರಿದಳು: "ನೀವು ಸಾಯನ್ಸ್ ಕಲ್ತವ್ರು ಅಲ್ದಾ? ಹೇಳಿ. ಮೀನು ಸತ್ರೆ ಮೀನು ಸತ್ತ ಹಂಗೆ. ಮಂಜು ಸತ್ತ ಹಂಗಲ್ಲ. ಹೌದೋ ಅಲ್ವೋ?"

"ಹೌದು ಅಕ್ಕ."

"ಹೌದು ಅಂದ್ರೆ ಸಾಲೂದಿಲ್ಲ. ಪೂರಾ ಹೇಳಿ."

"ಮೀನು ಸತ್ತರೆ ಮಂಜು ಸತ್ತ ಹಾಗಲ್ಲ."

"ಇನ್ನೊಂದ್ಸಲ."

ಹೇಳಿದೆ. ಆಕೆ ಕಣ್ಣು ಮಿಟುಕಿಸದೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮೂರನೆಯ ಸಲ ಹೇಳುವಾಗ ನನ್ನ ದನಿ ಒಡೆಯಿತು, ಆಕೆಯದಲ್ಲ. "ಆತು. ಉಣ್ಣೂಕೆ ಬನ್ನಿ" ಎಂದು ಒಳಗೆ ನಡೆದಳು.

ಅದೇ ವರ್ಷದ ಕೊನೆಗೆ ನನಗೆ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಪೆಟ್ರೋಲಿಲ್ಲದ ಕಾಲ, ಇದ್ದಿಲ ಗ್ಯಾಸಿನ ಬಸ್ಸು. ಅದು ಬಿಸಿಯಾಗಿ ಹೊರಡುವ ತನಕ ದುರ್ಗಕ್ಕ ಅದರ ಸುತ್ತ ಹತ್ತು ಸಲವಾದರೂ ಸುತ್ತಿರಬೇಕು. ಇನ್ನೇನು ಹೊರಡಬೇಕು, ಕಿಟಕಿಯ ಹತ್ತಿರ ಬಂದಳು. ಏನೋ ತಿಂಡಿ ಕೊಡುತ್ತಾಳೆಂದು ಕೈಚಾಚಿದೆ. ಆಕೆಯ ಕೈ ಖಾಲಿಯಿತ್ತು. "ಮಾಸ್ತರೇ, ಅವತ್ತು ಹೇಳಿದ್ದು ಇನ್ನೊಂದ್ಸಲ ಹೇಳಿ ಹೋಗಿ" ಎಂದಳು. ಬಸ್ಸಿನ ತುಂಬ ಜನ. ನಾನು ಗಟ್ಟಿಯಾಗಿ ಹೇಳಿದೆ.

ಹಲವು ವರ್ಷಗಳ ಮೇಲೆ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಕುಮಟೆಯ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ದುರ್ಗಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದ. ಮಂಜುವಿನ ಸುದ್ದಿ ಅವನಿಗೆ ಗೊತ್ತಿದ್ದೇ ಇರುತ್ತದೆ, ಅದೇ ಕೇರಿಯವನು. ಬಾಯಿ ತೆರೆದು ಇನ್ನೇನೋ ಹೇಳಲಿಕ್ಕೂ ಹೊರಟ. ನಾನು ಅವನನ್ನು ತಡೆದು, ಶಾಲೆಗೆ ಹೊತ್ತಾಯಿತೆಂದು ಅರ್ಧ ಊಟಕ್ಕೇ ಎದ್ದುಬಿಟ್ಟೆ. ಅಂದು ಭಾನುವಾರ.