ಸುಬ್ಬನ ಇಬ್ಬರು ಹೆಣ್ಣುಮಕ್ಕಳು

ಕೋಟೇಶ್ವರದ ಉಮಾನಾಥನ ಲ್ಯಾಪ್‌ಟಾಪಿನಲ್ಲಿ ನಾನೂರ ಹನ್ನೆರಡು ಜನ ಇದ್ದಾರೆ. ಸತ್ತವರೇ ಹೆಚ್ಚು. ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನಿಗೆ ಗದರಿಸಲು ಕೈಕೆಳಗೆ ಯಾರೂ ಉಳಿಯದಿದ್ದಾಗ, ಕುಟುಂಬದ ವಂಶವೃಕ್ಷ ಬರೆಯಲು ಕೂತ. ಅಲ್ಲಿಗೆ ಶುರುವಾಯಿತು ನೋಡಿ ಇವನ ದರ್ಬಾರು!

ಉಮಾನಾಥನ ಜನರಲ್ಲಿ ಬಳಿ, ಅಂದರೆ ಕುಲದ ಗುರುತು, ಬರುವುದು ತಾಯಿಯಿಂದ. ಅಜ್ಜಿ, ಅಬ್ಬಿ ಅಂದರೆ ತಾಯಿ, ಮಗಳು ಎಂದು ಹೆಣ್ಣಿನ ದಾರಿಯಲ್ಲೇ ಕುಟುಂಬ ಇಳಿಯುತ್ತದೆ. ಅಪ್ಪ ಎಂಬವನು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ನಿಲ್ಲುವ ಹೆಸರು, ಅಷ್ಟೇ. ಹೆಣ್ಣು ಹುಟ್ಟದ ಮನೆಯವರು ಹಿಂದೆ ಬೇರೆಡೆಯಿಂದ ಒಂದು ಹೆಣ್ಣುಮಗುವನ್ನು ತಂದು, ತಮ್ಮದೆಂದೇ ಸಾಕಿ, ಸಂತಾನ ಮುಂದುವರಿಸುತ್ತಿದ್ದರು. ಎರಡನೇ ಮಾತು ಕೇಳುವವರಿರಲಿಲ್ಲ. ಉಮಾನಾಥ ಕೇಳಿದ. ಬ್ರಹ್ಮಾವರದ ಹತ್ತಿರದ ಮೂಲ ನಾಗಬನದ ಜೀರ್ಣೋದ್ಧಾರ ನಿಶ್ಚಯವಾದ ಸಭೆಯಲ್ಲಿ ಎದ್ದು ನಿಂತು, ತಂದ ಮಗುವಿಗೂ ಅದರ ಮಕ್ಕಳಿಗೂ ಬಳಿ ಇಲ್ಲ, ಬನದ ಕಟ್ಟೆ ಹತ್ತುವಂತಿಲ್ಲ ಎಂದು ಸಾರಿದ. ಪ್ರತಿಷ್ಠೆಯ ದಿನ ಹಿರಿಯನಾಗಿ ಮಣೆಯ ಮೇಲೆ ಕೂರುವವನು ಅವನೇ ಆದ್ದರಿಂದ ಎಲ್ಲರೂ ತಲೆಯಾಡಿಸಿದರು.

ಆ ಮಾತಿಗೆ ಮೊದಲು ಬಲಿಯಾದವಳು ಬೈಂದೂರಿನ ಸೀತು. ಎಪ್ಪತ್ತಾರು ವರ್ಷ, ಮೊನ್ನೆಮೊನ್ನೆಯವರೆಗೂ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು. ತಾನು ತಂದ ಮಗು ಎಂದು ಅವಳಿಗೆ ಗೊತ್ತಿತ್ತು. ಅದನ್ನು ತುಂಬಿದ ಸಭೆಯಲ್ಲಿ, ತನಗಿಂತ ಹದಿನಾರು ವರ್ಷ ಚಿಕ್ಕವನ ಬಾಯಲ್ಲಿ, ಏಕವಚನದಲ್ಲಿ ಕೇಳಬೇಕಾಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

"ಸೀತು, ನೀ ಹೊರ್ಗಿಂದ್ ಬಂದದ್. ಊಟ ಮಾಡ್ಕಂಡ್ ಹೋಗ್," ಎಂದಿದ್ದ.

ಅವಳು ಜಗಳಕ್ಕೆ ಬರಲಿಲ್ಲ. ಎರಡು ತಿಂಗಳು ಬಿಟ್ಟು ಅವನ ಮನೆಗೇ ಬಂದಳು, ಸೆರಗಿನ ಗಂಟಿನಲ್ಲಿ ಒಂದು ಪೆನ್‌ಡ್ರೈವ್ ಕಟ್ಟಿಕೊಂಡು. ಮೊಮ್ಮಗಳು ಪ್ರಜ್ಞಾ ಬೈಂದೂರು ಕಡೆಯ ಹಿರಿಯ ಮಂಜಯ್ಯನ ಹತ್ತಿರ ಕೂತು, ಅವನು ಹೇಳಿದ್ದನ್ನೆಲ್ಲ ಉಮಾನಾಥ ಬಳಸುವ ವಂಶವೃಕ್ಷದ ಸಾಫ್ಟ್‌ವೇರಿನಲ್ಲೇ ತುಂಬಿಸಿದ್ದಳು. ಅದಾದ ಮೇಲೆ ಆಸಾಡಿ ತಿಂಗಳಲ್ಲಿ ಮಂಜಯ್ಯ ತೀರಿಕೊಂಡ.

"ನಂಗ್ ನಿಮ್ ಬಳಿ ಬ್ಯಾಡ, ಉಮಾನಾಥಯ್ಯ. ನಂಗೊಂದ್ ಅಕ್ಕ ಇದ್ದಿತ್ತಂಬ್ರ್. ಮಂಜಯ್ಯ ಸಾಯೂಕ್ ಮುಂಚೆ ಹೇಳ್ರ್. ಯಾವ್ ಮನಿಗ್ ಕೊಟ್ರ್ ಅಂತ ಅವ್ರಿಗೂ ಗೊತ್ತಿಲ್ಲ. ನಿಮ್ ಮಿಷಿನಲ್ ಎರಡೂ ಸೇರ್ಸಿರೆ ಸಿಕ್ಕುತ್ತಾ ಕಾಣಿ. ಬದ್ಕಿತ್ತಾ ಸತ್ತಿತ್ತಾ, ಅಷ್ಟ್ ಗೊತ್ತಾರೆ ಸಾಕ್."

ಬೈಂದೂರಿನ ಅರವತ್ತು ಹೆಸರು ತನ್ನಲ್ಲಿಲ್ಲ, ವಂಶವೃಕ್ಷದ ಪುಸ್ತಕ ಅಚ್ಚಿಗೆ ಹೋಗಬೇಕು ಎಂಬ ಒಂದೇ ಕಾರಣಕ್ಕೆ ಅವನು ಪೆನ್‌ಡ್ರೈವ್ ತೆಗೆದುಕೊಂಡ.

ಮಧ್ಯಾಹ್ನದ ಊಟ ಮುಗಿಸಿ ಎರಡು ಫೈಲುಗಳನ್ನೂ ಸೇರಿಸಲು ಕೂತ. ಎರಡು ಕಡೆ ಒಂದೇ ತರಹದ ಹೆಸರು ಸಿಕ್ಕಿದಾಗಲೆಲ್ಲ ಸಾಫ್ಟ್‌ವೇರ್ ಕೇಳುತ್ತದೆ: ಇವರಿಬ್ಬರೂ ಒಬ್ಬರೇನಾ? ಹೌದು, ಹೌದು, ಹೌದು ಎಂದು ಒತ್ತುತ್ತಾ ಹೋದ. ಬಸ್ರೂರಿನ ದೋಣಿಯ ಸುಬ್ಬ ಎಂಬ ಹೆಸರು ಬಂತು. ತನ್ನ ಫೈಲಿನಲ್ಲೂ ಇತ್ತು. ಅಬ್ಬಿಯ ಶಾಲೆಯ ಸರ್ಟಿಫಿಕೇಟ್ ನೋಡಿ ಅವನೇ ಹಾಕಿದ್ದು. ಅಜ್ಜಿಯ ಗಂಡ ಬಸ್ರೂರಿನವನಿರಬೇಕು ಎಂದುಕೊಂಡಿದ್ದ. ಅಪ್ಪಂದಿರ ಹೆಸರನ್ನು ಯಾರು ಬೆನ್ನುಹತ್ತುತ್ತಾರೆ? ಹೌದು ಎಂದು ಒತ್ತಿದ.

ಮರ ಅಲುಗಾಡಿ ಮತ್ತೆ ನಿಂತಿತು. ಸುಬ್ಬನ ಕೆಳಗೆ ಈಗ ಮೂರು ಚೌಕ. ಒಂದು ಸೀತು. ಇನ್ನೊಂದು ಹೆಸರು ಗೊತ್ತಿಲ್ಲದ ಅಕ್ಕ. ಮೂರನೆಯದು ಬಚ್ಚಿ, ಉಮಾನಾಥನ ಅಬ್ಬಿ. ಕೆಳಗೆ ಹಳದಿ ಪಟ್ಟಿಯಲ್ಲಿ, ಆ ಅಕ್ಕ ಮತ್ತು ಬಚ್ಚಿಯ ಬಗ್ಗೆ, ಅದೇ ಪ್ರಶ್ನೆ: ಇವರಿಬ್ಬರೂ ಒಬ್ಬರೇನಾ?

ಹೆಸರಿಲ್ಲದ ಅಕ್ಕನ ಚೌಕ ತೆರೆದು, ಪ್ರಜ್ಞಾ ಬರೆದದ್ದನ್ನು ಓದಿದ. ಸುಬ್ಬನೂ ಹೆಂಡತಿಯೂ ಒಂದೇ ವಾರದಲ್ಲಿ ಕಾಲರಾಕ್ಕೆ ಹೋದರು. ಆರು ವರ್ಷದ ದೊಡ್ಡದನ್ನು ಕುಂದಾಪುರ-ಕೋಟೇಶ್ವರ ಕಡೆಯವರು, ಒಂದು ವರ್ಷದ ಚಿಕ್ಕದನ್ನು ಬೈಂದೂರಿನವರು ಎತ್ತಿಕೊಂಡು ಹೋದರು. ಯಾರಿಗೂ ಹೇಳುವುದಿಲ್ಲವೆಂದು ದೊಡ್ಡದರ ಕೈಯಲ್ಲಿ ನಾಗನ ಆಣೆ ಹಾಕಿಸಿದರು. ಅದರ ಬೆನ್ನ ಮೇಲೆ ಬಿಸಿ ಗಂಜಿ ಬಿದ್ದ ಕಲೆ ಇತ್ತು.

ಅಬ್ಬಿ ಹಾಸಿಗೆ ಹಿಡಿದ ಕೊನೆಯ ಎರಡು ವರ್ಷ ಅವಳಿಗೆ ಸ್ನಾನ ಮಾಡಿಸಿದವನು ಉಮಾನಾಥನೇ. ಕಲೆಯಿದ್ದ ಆ ಬೆನ್ನನ್ನು ದಿನಾ ಉಜ್ಜಿದ್ದ. ಚಿಕ್ಕವನಿದ್ದಾಗ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವಳು ಅವನನ್ನೂ ಕರೆದುಕೊಂಡು ಬೈಂದೂರಿಗೆ ಬಸ್ಸು ಹತ್ತುತ್ತಿದ್ದಳು. ಸೀತುವಿಗೆ ಗಾಜಿನ ಬಳೆ ತಾನೇ ತೊಡಿಸಿ, ಆ ಕೈಯನ್ನು ಎಷ್ಟು ಹೊತ್ತಾದರೂ ಬಿಡುತ್ತಿರಲಿಲ್ಲ. ಮನೆಗೆ ಹೋಗೋಣವೆಂದು ಅವನು ರಚ್ಚೆ ಹಿಡಿಯುತ್ತಿದ್ದ.

ಹಳದಿ ಪಟ್ಟಿಯ ಪ್ರಶ್ನೆಗೆ ಮರಳಿದ. ಹೌದು ಎಂದರೆ ಸೀತು ಅವನ ಸ್ವಂತ ಚಿಕ್ಕಮ್ಮ. ಹೌದು ಎಂದರೆ ತಂದ ಮಗುವಿನ ಮಗ ಅವನು. ಮಣೆಯೂ ಇಲ್ಲ, ಕಟ್ಟೆಯೂ ಇಲ್ಲ. ಹೇಳಲು ಮಂಜಯ್ಯ ಬದುಕಿಲ್ಲ.

ಆ ಮನುಷ್ಯನಿಗೆ ಒಂದು ಗಳಿಗೆ ಅಳು ಬಂದದ್ದು ಸುಳ್ಳಲ್ಲ. ಕಣ್ಣೊರೆಸಿಕೊಂಡು, ಬೇರೆ ಬೇರೆ ವ್ಯಕ್ತಿಗಳು ಎಂದು ಒತ್ತಿದ. ಅಷ್ಟಕ್ಕೇ ಸಮಾಧಾನವಾಗದೆ ಸೀತುವನ್ನೂ ಹೆಸರಿಲ್ಲದ ಅಕ್ಕನನ್ನೂ ಅಳಿಸಿದ. ಅಬ್ಬಿಯ ಪಕ್ಕದಿಂದ ಸುಬ್ಬನ ಹೆಸರನ್ನೂ ಅಳಿಸಿದ. ಪೆನ್‌ಡ್ರೈವ್ ಖಾಲಿ ಮಾಡಿ, ಫೈಲು ಕೆಟ್ಟುಹೋಗಿತ್ತೆಂದು ಪ್ರಜ್ಞಾಳಿಗೆ ಫೋನು ಮಾಡಿದ. ಅವಳ ಹತ್ತಿರ ಬೇರೆ ಪ್ರತಿ ಇರಲಿಲ್ಲ.

ಪ್ರತಿಷ್ಠೆಯ ದಿನ ಉಮಾನಾಥ ರೇಷ್ಮೆ ಮಡಿ ಉಟ್ಟು ಮಣೆಯ ಮೇಲೆ ಕೂತ. ಚಪ್ಪರದ ಬಾಯಲ್ಲಿ ಮೇಜಿನ ಮೇಲೆ ಬಳಿಯ ಹಿರಿಯ ಹೆಂಗಸರ ಫೋಟೋ ಇಟ್ಟು ಮಾಲೆ ಹಾಕಿದ್ದರು. ಪೂಜೆ ಮುಗಿಸಿ ಅವನು ಕಟ್ಟೆ ಇಳಿದು ಬರುವಾಗ ಸೀತು ಅಲ್ಲೇ, ಚಪ್ಪರದ ಹೊರಗೆ ನಿಂತಿದ್ದಳು.

"ಹ್ವಾಯ್ ಉಮಾನಾಥಯ್ಯ, ನನ್ ಅಕ್ಕ ಸಿಕ್ತಾ?"

"ಇಲ್ಲ. ಅಕ್ಕ ಅಂಬುದೇ ಇಲ್ಲ ನಿಂಗ್. ಮಂಜಯ್ಯನಿಗೆ ಅರಳುಮರಳು. ಕಂಪ್ಯೂಟ್ರೇ ಹೇಳಿತ್."

"ಹೌದಾ. ಮಿಷಿನ್ ಸುಳ್ ಹೇಳುತ್ತಾ? ನಿಮಗ್ ಸುಮ್ನೆ ತೊಂದ್ರೆ ಕೊಟ್ಟೆ, ಬೇಜಾರ್ ಮಾಡ್ಕಣ್ಬೇಡಿ," ಎಂದಳು. ಹೊರಟವಳು ಬಚ್ಚಿಯ ಫೋಟೋದ ಮುಂದೆ ನಿಂತು ಕೈ ಮುಗಿದಳು. "ನಿಮ್ ಅಬ್ಬಿ ಭಾರಿ ಒಳ್ಳೇದ್. ವರ್ಷವೂ ನಂಗ್ ಬಳೆ ತಂದ್ ಹಾಕ್ತಿತ್ತ್. ಅಕ್ಕ ಅಂಬುದ್ ಇದ್ದಿದ್ರೆ ಹೀಂಗೇ ಇರ್ತಿತ್ತಾ ಏನೋ."

"ಊಟಕ್ ಎರಡ್ನೇ ಪಂಕ್ತಿಗ್ ಕೂತ್ಕೋ," ಎಂದ ಉಮಾನಾಥ.