ಸುಮಿತ್ರಾಳ ಹೆಸರಿನಲ್ಲಿ ಹೋದ ಪತಂಗಗಳು

ಆ ಡಬ್ಬ ಕಳಿಸಿದ್ದು ನಾನು. ಬೇರೆ ಯಾರೂ ಅಲ್ಲ ಸುಮಿತ್ರಾ — ನಿನ್ನ ಅಣ್ಣನ ಹೆಂಡತಿ, ಹುಣಸೂರಿನ ಕೊರಿಯರ್ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಬುದ್ಧಿ ಹೇಳುವ ನಿನ್ನ ಅತ್ತಿಗೆ. ಕಾಡು ಪತಂಗದ ಗೂಡುಗಳನ್ನು ನಿನ್ನ ಹೆಸರು ಅಚ್ಚಾಗಿದ್ದ ಡಬ್ಬಕ್ಕೆ ತುಂಬಿ, ಮೇಲೆ ‘ರೇಷ್ಮೆ ಗೂಡು’ ಎಂದು ಬರೆದು, ನಾನೇ ಬುಕ್ ಮಾಡಿದೆ. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನನಗೆ. ಯೋಚಿಸಿದರೆ ನನ್ನ ಮೇಲೆ ನನಗೇ ರೇಗುತ್ತದೆ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ನಿನ್ನ ಊರು ಭೇರ್ಯದವರೂ ಓದಬೇಕು, ನಿನ್ನ ಹತ್ತಿರ ಹುಳ ಒಯ್ಯುತ್ತಿದ್ದ ಸಾಲಿಗ್ರಾಮದ ಕಡೆಯವರೂ ಓದಬೇಕು.

ನನಗೆ ಪತಂಗದ ಹುಚ್ಚು ಹಿಡಿದದ್ದು ಫೋನಿನಿಂದ. ಹಿತ್ತಲ ಸೀಬೆ ಮರದ ಮೇಲೆ ಊಟದ ತಟ್ಟೆಯಷ್ಟು ಅಗಲದ್ದೊಂದು ಬಂದು ಕೂತಿತ್ತು. ಫೋಟೋ ತೆಗೆದು ಪತಂಗ ಸಾಕುವವರ ಗುಂಪೊಂದಕ್ಕೆ ಹಾಕಿದೆ. ಅಲ್ಲಿ ಎಲ್ಲರೂ ನನ್ನನ್ನು ಮೇಡಂ ಎಂದರು. ಅಂಗಡಿಯಲ್ಲಿ ದಿನವಿಡೀ ‘ಯಕ್ಕಾ, ಇದು ಯಾವಾಗ ತಲುಪ್ತದೆ’ ಎಂದು ಕೇಳಿಸಿಕೊಳ್ಳುವವಳಿಗೆ ಆ ಮೇಡಂ ಎಷ್ಟು ರುಚಿಸಿತು ಅಂತೀಯ! ಪುಣೆಯವನೊಬ್ಬ ಗೂಡು ಕಳಿಸಿಕೊಡಿ, ನನ್ನ ಮನೆಯಲ್ಲೇ ಪತಂಗ ಹೊರಬರುವುದನ್ನು ನೋಡಬೇಕು ಎಂದು ಗೋಗರೆದ. ಆಗಲಿ ಎಂದುಬಿಟ್ಟೆ. ಒಪ್ಪಿಕೊಂಡ ಮೇಲೆ ಕಾನೂನು ಕೇಳಲು ಹೊರಟೆ. ಮೊದಲು ಕೇಳಬೇಕಿತ್ತು — ಇರಲಿ.

ಆ ಕಾನೂನಿನ ಕಥೆ ಹೇಳಿದರೆ ಈಗಲೂ ತಲೆ ಕೆಡುತ್ತದೆ. ಅಂಚೆ ಕಚೇರಿಯಲ್ಲಿ, ರೇಷ್ಮೆ ಹುಳವಾದರೆ ವಿಚಾರಿಸಿ ಹೇಳಬಹುದು, ಜೀವ ಇರುವ ಕಾಡಿನದನ್ನೆಲ್ಲ ತಗೊಳ್ಳಲ್ಲ ಎಂದರು. ರೇಷ್ಮೆಯವರು, ಇದು ನಮ್ಮ ಹುಳವಲ್ಲ ಎಂದರು. ಕೃಷಿಯವರು, ಬೆಳೆಗೆ ಕೀಟವಾದರೆ ಔಷಧಿ ಹೇಳ್ತೀವಿ, ಕಳಿಸೋದು ಗೊತ್ತಿಲ್ಲ ಎಂದರು. ಅರಣ್ಯದವರಿಗೆ ಫೋನು ಮಾಡಿದರೆ, “ಎಲ್ಲಿಂದ ತಂದಿದ್ದಮ್ಮ? ಕಾಡಿಂದ ಆದ್ರೆ ಮುಟ್ಟಂಗೇ ಇಲ್ಲ. ಮನೇಲಿ ಸಾಕಿದ್ದಾದ್ರೆ ಬರ್ಕೊಂಡು ಬನ್ನಿ, ನೋಡಾನ” ಎಂದರು. ಬರೆದುಕೊಂಡು ಹೋದರೆ ಸಾಹೇಬರು ಕ್ಯಾಂಪು. ಮತ್ತೆ ಹೋದರೆ ಮೀಟಿಂಗು. ಇತ್ತ ಗೂಡೊಳಗಿನ ಜೀವ ಇವರ ಮೀಟಿಂಗು ಮುಗಿಯಲಿ ಎಂದು ಕಾಯುತ್ತದೆಯೇ? ಕೊರಿಯರಿನ ನಿಯಮವಂತೂ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು — ಜೀವಂತ ಪ್ರಾಣಿ, ಕೀಟ ಸ್ವೀಕರಿಸುವುದಿಲ್ಲ. ಅದನ್ನು ಅಂಟಿಸಿದವಳೂ ನಾನೇ.

ಈ ಅಲೆದಾಟದ ಕಥೆಯನ್ನೇ ಇಷ್ಟು ದಿನ ನನಗೆ ನಾನು ಹೇಳಿಕೊಂಡು ಬಂದೆ. ಇಂಥ ವ್ಯವಸ್ಥೆಯಲ್ಲಿ ನೆಟ್ಟಗಿರುವವರು ಏನು ಮಾಡಬೇಕು ಎಂದು. ಆದರೆ ಅದರೊಳಗೂ ಒಂದು ಸುಳ್ಳಿದೆ. ಆ ಗೂಡುಗಳು ಹಿತ್ತಲ ಸೀಬೆ ಮರದವಲ್ಲ. ಅಲ್ಲಿಗೆ ಬಂದಿದ್ದ ಪತಂಗ ಬೆಳಗಾಗುವುದರೊಳಗೆ ಹಾರಿಹೋಗಿತ್ತು. ಗೂಡು ತಂದದ್ದು ಎಚ್.ಡಿ. ಕೋಟೆ ತಾಲೂಕಿನ ಎನ್. ಬೇಗೂರಿನಿಂದ, ನನ್ನ ತವರಿನಿಂದ. ಹೊಲದ ಬೇಲಿಯಾಚೆ, ಅರಣ್ಯದ ಗಡಿಕಲ್ಲು ದಾಟಿ ಒಳಗೆ ಹೋಗಿ, ಕೊಂಬೆಯಿಂದ ಕಿತ್ತು ಸೆರಗಿಗೆ ಹಾಕಿಕೊಂಡೆ. ಫೋನಿನಲ್ಲಿ ಅರಣ್ಯದವರು ‘ಎಲ್ಲಿಂದ ತಂದಿದ್ದು’ ಎಂದು ಕೇಳಿದಾಗಲೇ ನನಗೆ ಉತ್ತರ ಸಿಕ್ಕಿತ್ತು. ಕಾನೂನು ನನಗೆ ಅರ್ಥವಾಗದೆ ಇರಲಿಲ್ಲ ಸುಮಿತ್ರಾ, ಬೇಡವಾಗಿತ್ತು.

ಇನ್ನು ನಿನ್ನ ಡಬ್ಬ. ಭೇರ್ಯದಲ್ಲಿ ನೀನು ಚಾಕಿ ಮನೆ ನಡೆಸುತ್ತಿದ್ದೆ — ಮೊಟ್ಟೆಯೊಡೆದ ಎಳೆ ರೇಷ್ಮೆ ಹುಳಗಳನ್ನು ಕೂಸಿನಂತೆ ಸಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಕೊಡುವ ಮನೆ. ಒಮ್ಮೆ ನನಗೆ ಅವರೆಕಾಯಿ ಕಳಿಸಿದ್ದು ನಿನ್ನ ಹೆಸರು, ಚಾಕಿ ಮನೆಯ ವಿಳಾಸ ಅಚ್ಚಾಗಿದ್ದ ಡಬ್ಬದಲ್ಲಿ. ನಮ್ಮ ಕಡೆ ರೇಷ್ಮೆ ಎಂದರೆ ಯಾರೂ ತಡೆಯುವುದಿಲ್ಲ, ಬಸ್ಸಿನ ಕಂಡಕ್ಟರು ಕೂಡ ಹುಳದ ತಟ್ಟೆಗೆ ಜಾಗ ಮಾಡಿಕೊಡುತ್ತಾನೆ. ಆ ಮರ್ಯಾದೆ ನನಗೆ ಬೇಕಿತ್ತು. ಒಳಗೇನಿದೆ ಎಂದು ಎಲ್ಲರನ್ನೂ ಗದರಿಸಿ ಕೇಳುವವಳು, ಆ ದಿನ ನನ್ನನ್ನು ನಾನು ಕೇಳಲಿಲ್ಲ.

ಕೊರಿಯರಿನ ಮೈಸೂರು ಗೋದಾಮಿನಲ್ಲಿ ಗೂಡು ಒಡೆಯಿತು. ಡಬ್ಬದೊಳಗೆ ಪರಪರ ಸದ್ದು ಕೇಳಿ ಬಿಚ್ಚಿದರಂತೆ. ರೆಕ್ಕೆ ಬಿಡಿಸಲಾಗದೆ ಮುದುಡಿಹೋದ ಪತಂಗ ಹೊರಗೆ ಬಿತ್ತು. ಯಾರೋ ಅರಣ್ಯದವರಿಗೆ ಫೋನು ಮಾಡಿದರು, ಪುಣೆಯವನು ತನ್ನ ನಂಬರೇ ಬದಲಿಸಿಬಿಟ್ಟ, ಅರಣ್ಯದವರ ಜೀಪು ಡಬ್ಬದ ಮೇಲಿನ ವಿಳಾಸ ಹಿಡಿದು ನಿನ್ನ ಬಾಗಿಲಿಗೆ ಬಂತು.

ನಾನೂ ಆ ದಿನ ಅಲ್ಲಿದ್ದೆ. ಬುಕ್ ಮಾಡಿದ ಕೌಂಟರಿನವರು ಎಂದು ನನ್ನನ್ನೂ ಕರೆಸಿದ್ದರು. ನಿನ್ನ ಹುಳಗಳು ಜ್ವರಕ್ಕೆ ಕೂತಿದ್ದವು — ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಆ ಹೊತ್ತಿನಲ್ಲಿ ನೀನು ನಿನ್ನ ಅಣ್ಣನನ್ನೇ ಒಳಗೆ ಬಿಡುತ್ತಿರಲಿಲ್ಲ. ಅವರು ಬೂಟುಗಾಲಲ್ಲಿ ನುಗ್ಗಿ ತಟ್ಟೆ ತಟ್ಟೆ ಎತ್ತಿ ನೋಡಿದರು. ನೀನು ಬಾಗಿಲಲ್ಲಿ ನಿಂತು, “ನಮ್ಮತ್ಗೆ ಅಂಗಡೀಲಿ ಅಂಥಾ ಕೆಲ್ಸ ನಡೆಯಕ್ಕಿಲ್ಲ ಸಾರ್. ಯಾರೋ ನನ್ ಡಬ್ಬ ಕದ್ದವ್ರೆ” ಎಂದೆ. ಆಮೇಲೆ ನನ್ನ ಕಡೆ ತಿರುಗಿದೆ.

“ಅತ್ಗೆ, ಯಾರು ತಂದುಕೊಟ್ರು ಅಂತ ಒಂಚೂರು ಗ್ಯಾನ ಮಾಡ್ಕಳಿ. ಗೊತ್ತಾದ್ರೆ ನಾನು ಉಳ್ಕೋತೀನಿ.”

“ಎಷ್ಟೋ ಜನ ಬತ್ತಾರೆ ಕಣೇ, ಯಾರ ಮೊಕ ಅಂತ ಗ್ಯಾನ ಇಟ್ಕಳಾನ? ನಿಂದೇ ಡಬ್ಬ, ನೀನೇ ಎಲ್ಲೋ ಬುಟ್ಟಿರ್ತೀಯ.”

ಹೀಗೆಂದೆ. ರೇಗಿಕೊಂಡೇ ಅಂದೆ. ತಪ್ಪು ಮಾಡಿದವಳಿಗೆ ಸಿಟ್ಟು ಎಷ್ಟು ಬೇಗ ಒದಗಿ ಬರುತ್ತದೆ ನೋಡು. ನೀನು ‘ಅದೂ ಸರಿ’ ಎನ್ನುವಂತೆ ತಲೆಯಾಡಿಸಿದೆ, ನನಗೆ ಕಾಫಿ ಕಾಯಿಸಲು ಒಳಗೆ ಹೋದೆ. ನಾನು ಆ ಕಾಫಿ ಕುಡಿದೆ.

ನಿನ್ನ ಮೇಲಿನ ಕೇಸು ಏನಾಯಿತೆಂದು ಯಾರೂ ತಿಳಿಸಲಿಲ್ಲ, ಊರವರ ಮಾತು ಮಾತ್ರ ಉಳಿದುಕೊಂಡಿತು. “ಸುಮಿತ್ರಮ್ಮನ ತಾವು ಕಾಡು ಚಿಟ್ಟೆ ಸಾಕ್ತಾರಂತೆ ಕಣ್ಲಾ. ಆ ಉಳ ತಂದ್ರೆ ನಮ್ಮನೇಗೂ ಗಂಟುರೋಗ ಬತ್ತದೆ, ಬುಡು ಅತ್ಲಾಗೆ.” ರೇಷ್ಮೆ ಸಾಕುವವರಿಗೆ ಗಂಟುರೋಗದ ಹೆಸರು ಸಾಕು, ಇಡೀ ಬೆಳೆ ತಿಪ್ಪೆಗೆ ಹೋಗುವ ರೋಗ. ಹುಳ ಬೇಕೆಂದು ಹೇಳಿಟ್ಟಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಯ್ಯುವವರಿಲ್ಲದ ಹುಳವನ್ನು ನೀನೇ ಗುಂಡಿ ತೋಡಿ ಮುಚ್ಚಿದೆ. ನಾನು ಫೋನಿನಲ್ಲಿ, ಜನ ಹಾಗೇ ಕಣೇ, ಮರೀತಾರೆ ಎಂದು ಸಮಾಧಾನ ಹೇಳಿದೆ. ಅದಕ್ಕಿಂತ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಮೊನ್ನೆ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಬಿಡಿಸುವ ಕೂಲಿಗೆ ಬಂದಿದ್ದೆ, ಕೈಯೆಲ್ಲ ಕಪ್ಪು ಅಂಟು. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳ ಸಾಯುತ್ತದೆಂದು ಬೀಡಿ ಸೇದುವವರನ್ನು ಬೀದಿಯಲ್ಲೇ ನಿಲ್ಲಿಸುತ್ತಿದ್ದವಳು ನೀನು. ಆ ಕೈ ನೋಡಿದಾಗಲೇ ತಿಳಿಯಿತು, ನೀನು ಆಸೆ ಬಿಟ್ಟಿದ್ದೀಯ ಎಂದು. “ಉಳದ ಮನೆ ಒಡೆಸ್ತೀನಿ ಅತ್ಗೆ, ಈ ಸೋಮವಾರ ಆಳು ಬತ್ತಾರೆ. ದನ ಕಟ್ಟಕ್ಕಾಯ್ತದೆ” ಎಂದೆ, ಏನೂ ಆಗದವಳ ಹಾಗೆ. ನಾನು ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ.

ಮರುದಿನ ಅರಣ್ಯ ಕಚೇರಿಗೆ ಹೋಗಿ, ಆ ಡಬ್ಬ ನನ್ನದು, ಗೂಡು ಕಾಡಿನದು ಎಂದೆ. ಅಲ್ಲಿದ್ದ ಗುಮಾಸ್ತರು ನನ್ನನ್ನೇ ವಿಚಿತ್ರವಾಗಿ ನೋಡಿದರು. “ಅದು ಯಾವತ್ತೋ ಮುಗ್ದೋಯ್ತಲ್ಲಮ್ಮ. ಆಯಮ್ಮಂದು ತಪ್ಪಿಲ್ಲ ಅಂತ ಅವಾಗ್ಲೇ ತೀರ್ಮಾನ ಆಗೈತೆ. ಅವ್ರಿಗೆ ಯಾರೂ ಹೇಳಿಲ್ವ?” ಯಾರು ಹೇಳಬೇಕಿತ್ತು? ತಪ್ಪು ಹೊರಿಸಲು ಜೀಪಿನಲ್ಲಿ ಬಂದವರು ತಪ್ಪಿಲ್ಲ ಎನ್ನಲು ಒಂದು ಸೈಕಲ್ಲಿನಲ್ಲೂ ಬರಲಿಲ್ಲ. ಕೂಗಾಡಬೇಕೆನ್ನಿಸಿತು, ಬಾಯಿಯೂ ತೆರೆದೆ. ಆದರೆ ಯಾವ ಮುಖ ಇಟ್ಟುಕೊಂಡು? ಅವರಿಗಿಂತ ಮೊದಲು ಹೇಳಬೇಕಾಗಿದ್ದವಳು ನಿನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮಾತನ್ನು ಬರೆದುಕೊಡಿ ಎಂದರು, ಬರೆದುಕೊಟ್ಟೆ. ದಂಡವೋ ಕೋರ್ಟೋ, ಅದು ಬರಲಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಈ ಕಾಗದ ಹಿಡಿದು ಭೇರ್ಯಕ್ಕೆ ಬರುತ್ತೇನೆ. ಮೊದಲು ನಿನ್ನೆದುರು ಹೇಳುತ್ತೇನೆ, ಆಮೇಲೆ ಹಾಲು ಹಾಕಲು ಎಲ್ಲರೂ ಡೈರಿ ಮುಂದೆ ಸೇರಿದಾಗ ಹೇಳುತ್ತೇನೆ — ಆ ಚಿಟ್ಟೆ ಸುಮಿತ್ರಾಳ ಮನೆಯದಲ್ಲ, ಅವಳ ಹುಳಕ್ಕೆ ಯಾವ ರೋಗವೂ ಇರಲಿಲ್ಲ, ಕಳ್ಳಿ ನಾನು ಎಂದು. ಗೋಡೆ ಒಡೆಸುವುದೋ ಬಿಡುವುದೋ ಆಮೇಲೆ ನಿನ್ನಿಷ್ಟ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು.

ಒಂದೇ ಬೇಡಿಕೆ. ಜನ ನನ್ನನ್ನು ಬೈಯಲು ಶುರು ಮಾಡಿದಾಗ ನೀನು ನಡುವೆ ಬಂದು, ನಮ್ಮತ್ತಿಗೆ ಅಂಥವರಲ್ಲ ಎನ್ನಬೇಡ.