ಗಸಗಸೆಯ ಡಬ್ಬಿ

ಹರಿಪ್ರಸಾದರಿಗೆ ನಾವು ಇಟ್ಟಿದ್ದ ಅಡ್ಡಹೆಸರು ‘ಎಂಬೆಸಿ’. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಅವರ ಫ್ಲ್ಯಾಟು, ನಮ್ಮದಕ್ಕೆ ಎದುರು ಬಾಗಿಲು. ಮೈಸೂರಿನವರು, ಬ್ಯಾಂಕಿನ ಕೆಲಸದ ಮೇಲೆ ಮೊದಲು ವಡೋದರಕ್ಕೆ, ಆಮೇಲೆ ಇಲ್ಲಿಗೆ ವರ್ಗವಾಗಿ ಬಂದವರು. ಹೊರದೇಶದಲ್ಲಿರುವವರ ಖಾತೆಗಳನ್ನು ನೋಡಿಕೊಳ್ಳುತ್ತಿದ್ದರು. ಸ್ವತಃ ವಿಮಾನ ಹತ್ತಿದವರಲ್ಲ. ಆದರೂ ಕೊಲ್ಲಿ ದೇಶಗಳಿಗೆ ಹೊರಟ ಇಲ್ಲಿನ ಕನ್ನಡಿಗರಲ್ಲಿ ಅವರ ಸೋಫಾದ ಮೇಲೆ ಕೂತು ಉಪದೇಶ ಕೇಳದೆ ಹೋದವರು ಕಡಿಮೆ.

ಉಪದೇಶ ಒಳ್ಳೆಯದೇ, ಸುಳ್ಳು ಹೇಳಬಾರದು. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿಡಿ. ಹೋದ ಕೂಡಲೇ ನಮ್ಮ ಕಾನ್ಸುಲೇಟಿನಲ್ಲಿ ಹೆಸರು ಬರೆಸಿ. ಪೊಲೀಸರು ಹಿಡಿದರೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಕಾನ್ಸುಲೇಟಿನವರನ್ನು ಕರೆಸಿ ಎನ್ನಿ. ಇಷ್ಟಾದ ಮೇಲೆ ಕನ್ನಡಕ ತೆಗೆದು, ದನಿ ತಗ್ಗಿಸಿ ಕೊನೆಯದನ್ನು ಹೇಳುತ್ತಿದ್ದರು. “ಬೇರೆಯವರ ಗಂಟು ಹೊರಬೇಡಿ. ಯಾರು ಅತ್ತು ಕರೆದು ಕೊಟ್ಟರೂ ತಗೋಬೇಡಿ.” ಆ ಕನ್ನಡಕ ತೆಗೆಯುವ ಗತ್ತಿಗೆ ನನಗೆ ಪ್ರತಿ ಸಲವೂ ನಗು ಬರುತ್ತಿತ್ತು.

1997ರ ಚಳಿಗಾಲದಲ್ಲಿ ಸದಾಶಿವ ಬಂದ. ಧಾರವಾಡದ ಕಡೆಯವನು, ಸೂರತ್ ಹತ್ತಿರದ ಹಜೀರಾದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಕೆಲಸ ಬಿಟ್ಟು ದುಬೈಗೆ ಹೊರಟಿದ್ದ. ಜೊತೆಗೆ ಹೆಂಡತಿ ರುಕ್ಮಿಣಿ. ನಾನೂ ಅಲ್ಲೇ ಕಾಫಿಗೆ ಕೂತಿದ್ದೆ. ಉಪದೇಶ ಮುಗಿಯಿತು, ಕನ್ನಡಕ ತೆಗೆದದ್ದೂ ಆಯಿತು. ಅವರಿಬ್ಬರೂ ಏಳುವಷ್ಟರಲ್ಲಿ ಹರಿಪ್ರಸಾದರ ಹೆಂಡತಿ ಹೇಮಲತಾ ಒಳಗಿನಿಂದ ಒಂದು ಡಬ್ಬಿ ತಂದರು. ಮೇಲೆ ಬಟ್ಟೆ ಸುತ್ತಿ ಹೊಲಿದಿತ್ತು. ಅವರ ಮಗಳು ಮನಸ್ವಿನಿ ದುಬೈಯಲ್ಲಿ ತುಂಬು ಬಸುರಿ. ಬಾಣಂತನಕ್ಕೆ ತವರಿಗೆ ಬರಲು ಅವಳಿಗೆ ಆಗಿರಲಿಲ್ಲ, ಹೋಗಲು ತಾಯಿಗೆ ವೀಸಾ ಸಿಕ್ಕಿರಲಿಲ್ಲ.

“ಏನಿಲ್ಲಪ್ಪ, ಒಂದಿಷ್ಟು ಗಸಗಸೆ. ಪಾಯಸ ಮಾಡಿ ಕುಡಿದ್ರೆ ಚೆನ್ನಾಗಿ ನಿದ್ದೆ ಬರತ್ತೆ ಅವಳಿಗೆ. ಅಲ್ಲಿ ಯಾವ ಅಂಗಡೀಲೂ ಸಿಗಲ್ವಂತೆ.”

ಯಾಕೆ ಸಿಗುವುದಿಲ್ಲ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಸದಾಶಿವ ಕೇಳಿದ್ದು ಬೇರೆಯದನ್ನು, ಅದೂ ನಗುತ್ತ. “ಅಲ್ರಿ ಸರ, ಬ್ಯಾರೆಯವ್ರ ಗಂಟು ಒಯ್ಯಬ್ಯಾಡ ಅಂದ್ರಲ್ರಿ ಈಗ?”

“ನಾವು ಬೇರೆಯವರೇನ್ರೀ?” ಎಂದರು ಹರಿಪ್ರಸಾದ.

ಈ ಮಾತಿಗೆ ಎದುರಾಡುವ ಕನ್ನಡಿಗ ಗುಜರಾತಿನಲ್ಲಿ ಯಾರಿದ್ದಾರೆ? ಊರಿಂದ ಬರುವವರ ಕೈಯಲ್ಲಿ ಕಾಫಿಪುಡಿ, ಸಾರಿನಪುಡಿ, ಹಪ್ಪಳದ ಕಟ್ಟು ತರಿಸಿಕೊಂಡೇ ನಾವೆಲ್ಲ ಇಲ್ಲಿ ಸಂಸಾರ ಮಾಡಿದ್ದು. ಡಬ್ಬಿ ಸದಾಶಿವನ ಚೀಲ ಸೇರಿತು.

ದುಬೈ ವಿಮಾನ ನಿಲ್ದಾಣದಲ್ಲಿ ಅವನನ್ನು ಹಿಡಿದರು. ಆ ದೇಶದ ಕಾನೂನಿಗೆ ಗಸಗಸೆ ಅಡುಗೆಯ ಸಾಮಾನಲ್ಲ, ಅಫೀಮಿನ ಬೀಜ.

ರುಕ್ಮಿಣಿ ಸೂರತ್‌ನಲ್ಲಿ ರೈಲು ಹತ್ತಿ ನೆಟ್ಟಗೆ ಬಂದದ್ದು ಅದೇ ಸೋಫಾಕ್ಕೆ. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: “ಅಲ್ಲಿದ್ದ ಗೆಳೆಯಾರು ಫೋನ್ ಮಾಡಿದ್ರಿ. ಡಬ್ಬಿ ಯಾರ್ದು ಅಂತ ಕೇಳಿದ್ರ, ನಂದ ಅಂದಾರಂತ ಇವ್ರು. ಬಸುರಿ ಹುಡುಗಿ ಹೆಸರು ಪೊಲೀಸ್‌ರ ಮುಂದ ಹೆಂಗ ಹೇಳೂದು ಅಂತ. ಈಗ ನಾ ಏನ್ ಮಾಡ್ಲಿರಿ ಸರ? ನೀವು ಹೇಳಿದಂಗ ಮಾಡ್ತೀನಿ.”

ಹರಿಪ್ರಸಾದರ ಕಿವಿಯವರೆಗೂ ಕೆಂಪೇರಿತು. ಅಲ್ಲೇ ಕಾನ್ಸುಲೇಟಿಗೆ ಫೋನ್ ಹಚ್ಚಿದರು. ಆ ಕಡೆಯ ಅಧಿಕಾರಿ ಸಮಾಧಾನದ ಮನುಷ್ಯ. ನಾವು ಹೋಗಿ ಅವನನ್ನು ನೋಡುತ್ತೇವೆ ಎಂದರು. ಆದರೆ ಡಬ್ಬಿ ಕೊಟ್ಟವರು ಯಾರು, ಯಾರಿಗೆ ಎನ್ನುವುದನ್ನು ಅವರೇ ಮುಂದೆ ಬಂದು ಬರೆದುಕೊಟ್ಟರೆ, ಅಡುಗೆಗೆಂದು ತಂದದ್ದು ಎಂದು ಕೋರ್ಟಿನಲ್ಲಿ ಹೇಳಲು ಒಂದು ಆಧಾರವಾಗುತ್ತದೆ, ಇಲ್ಲವಾದರೆ ಕಷ್ಟ.

“ವಿಚಾರಿಸಿ ಹೇಳ್ತೀನಿ ಸಾರ್,” ಎಂದು ಹರಿಪ್ರಸಾದ ಫೋನ್ ಇಟ್ಟುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ವಿಚಾರಿಸುವುದು ಯಾರನ್ನು? ಅಡುಗೆಮನೆಯ ಬಾಗಿಲಲ್ಲಿ ಹೇಮಲತಾ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು. ಮಗಳನ್ನೂ ಅಳಿಯನನ್ನೂ ಅಲ್ಲಿನ ಪೊಲೀಸರು ಎಳೆದೊಯ್ದರೆ ಎಂಬ ಭಯ ಅವರಿಗೆ. ತಾಯಿಯ ಭಯ ನನಗೂ ಅರ್ಥವಾಗುತ್ತದೆ. ಆದರೆ ಅದೆಲ್ಲವನ್ನೂ ರುಕ್ಮಿಣಿ ಕೂತಲ್ಲಿಂದಲೇ ನೋಡುತ್ತಿದ್ದಳು. ನನಗೇ ಭೂಮಿಗಿಳಿದು ಹೋಗುವಂತಾಯಿತು.

ಅವಳು ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಮಲತಾರ ಕಡೆ ತಿರುಗಿ ಕೇಳಿದಳು. “ತಂಗಿಗೆ ದಿನ ಯಾವಾಗ ಕೊಟ್ಟಾರ್ರಿ ಡಾಕ್ಟರು? ಎಲ್ಲಾ ಚಲೋ ಆಗ್ಲಿ.”

ಕೊಂಕಲ್ಲ ಅದು. ನಿಜವಾಗಿಯೇ ಕೇಳಿದ್ದಳು. ಹೇಮಲತಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಹರಿಪ್ರಸಾದರು “ಕೂತ್ಕೊಳಮ್ಮ” ಎಂದು ಮತ್ತೆ ಫೋನ್ ಎತ್ತಿ, ಅವಳ ಎದುರಿಗೇ ತಮ್ಮ ಹೆಸರು, ಮಗಳ ಹೆಸರು, ದುಬೈಯ ವಿಳಾಸ ಎಲ್ಲವನ್ನೂ ಹೇಳಿದರು.

ಮನಸ್ವಿನಿ ಆ ತುಂಬು ಬಸುರಿನಲ್ಲೇ ಗಂಡನ ಜೊತೆ ಕಾನ್ಸುಲೇಟಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಅವಳಿಗೇನೂ ಆಗಲಿಲ್ಲ, ಅಳಿಯ ಗುರುಕಿರಣ್ ಮಾತ್ರ ಮಾವನ ಜೊತೆ ಬಹಳ ಕಾಲ ಮಾತು ಬಿಟ್ಟ. ಸದಾಶಿವನನ್ನು ಬಿಡಲು ಇನ್ನೂ ತಡವಾಯಿತು. ಕೊನೆಗೆ ಬಿಟ್ಟರು, ಬಿಟ್ಟವನನ್ನು ಅಲ್ಲಿಂದಲೇ ಭಾರತಕ್ಕೆ ಅಟ್ಟಿದರು. ದುಬೈಯ ಕೆಲಸ ಹೋಯಿತು. ಹಜೀರಾದ ಹಳೆಯ ಜಾಗದಲ್ಲೂ ಬೇರೆಯವನು ಬಂದು ಕೂತಿದ್ದ. ಸದಾಶಿವ ಅಹಮದಾಬಾದಿನ ಅಂಚಿನ ವಟ್ವಾದಲ್ಲಿ ಬಣ್ಣದ ಕಾರ್ಖಾನೆಯೊಂದರಲ್ಲಿ ಸಾಧಾರಣ ಕೆಲಸಕ್ಕೆ ಸೇರಿದ.

ಹರಿಪ್ರಸಾದರು ಉಪದೇಶ ನಿಲ್ಲಿಸಿದ್ದರು. ಯಾರಾದರೂ ಬಂದರೆ ಕಾನ್ಸುಲೇಟಿನ ಫೋನ್ ನಂಬರು ಬರೆದುಕೊಟ್ಟು, ಅವರನ್ನೇ ಕೇಳಿ ಎನ್ನುತ್ತಿದ್ದರು. ‘ಎಂಬೆಸಿ’ ಎಂದು ಕರೆಯುವುದನ್ನು ನಾವೂ ಬಿಟ್ಟೆವು. ವಟ್ವಾಕ್ಕೆ ಹೋಗಿ ಸದಾಶಿವನನ್ನು ನೋಡಬೇಕೆಂದು ಅವರು ಎಷ್ಟೋ ಭಾನುವಾರ ಅಂಗಿ ತೊಟ್ಟದ್ದುಂಟು. ಬಸ್ ಸ್ಟಾಪಿನಿಂದಲೇ ಹಿಂದಿರುಗುತ್ತಿದ್ದರು. ಯಾವ ಮುಖ ಹೊತ್ತು ಹೋಗಲಿ ಎಂದು ನನ್ನನ್ನೇ ಕೇಳುತ್ತಿದ್ದರು.

ಕಡೆಗೆ ಸದಾಶಿವನೇ ಬಂದ. ಮೊಮ್ಮಗು ಹುಟ್ಟಿದ ಸುದ್ದಿ ತಡವಾಗಿ ಕೇಳಿ ಬಾಳೆಹಣ್ಣು ತಂದಿದ್ದ. ಸೋಫಾದ ಅಂಚಿನಲ್ಲಿ ಕೂತು, ಕೈ ಹೊಸೆಯುತ್ತ ಹೇಳಿದ: “ತಪ್ಪಾತ್ರಿ ಸರ. ನೀವು ನಂಬಿ ಕೊಟ್ಟಿದ್ರಿ. ತಂಗಿಗೆ ಮುಟ್ಟಿಸ್ಲಿಕ್ಕೆ ಆಗ್ಲಿಲ್ಲ ನನ್ನ ಕಡಿಂದ.”

ಹರಿಪ್ರಸಾದರು ಕನ್ನಡಕ ತೆಗೆದರು. ಹೊಸೆಯುತ್ತಿದ್ದ ಅವನ ಕೈಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.